ಡ್ರಮ್ಮಿಗೆ ಕಟ್ಟಿದ ಕದಿರು

ತೆಕ್ಕಟ್ಟೆಯ ಗುಲಾಬಿಯಕ್ಕನಿಗೆ ಬಾಡಿಗೆಯವರನ್ನು ಬೈಯದೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯದು. ಅವಳ ಭತ್ತದ ಶೆಡ್ಡಿನಲ್ಲಿ ಮೊದಲ ಆಲ್ಬಮ್ಮಿಗೆ ತಾಲೀಮು ನಡೆಸುವ ರಾಕ್ ಬ್ಯಾಂಡಿನ ಹುಡುಗರಿಗಂತೂ, "ಹ್ವಾಯ್, ನಿಮ್ ಗಲಾಟಿಗೆ ಕೋಳಿ ಮೊಟ್ಟಿ ಇಡುದೇ ಬಿಟ್ಟಿತ್" ಎಂಬುದು ನಿತ್ಯದ ಸುಪ್ರಭಾತ. ಗಲಾಟೆ ತುಸು ನಿಂತರೂ ಅವಳಿಗೆ ತಡೆಯದು, "ಎಂತ ಮಕ್ಳೇ, ಹುಷಾರಿಲ್ಯಾ?" ಎಂದು ಗಂಜಿಯ ಪಾತ್ರೆ ಸಮೇತ ಇಣುಕುತ್ತಾಳೆ. ಕೊಯ್ಲು ಬಂತು, ಇನ್ನು ಶೆಡ್ಡು ಖಾಲಿ ಮಾಡಿಸುತ್ತಾಳೆಂದು ಡ್ರಮ್ ಬಾರಿಸುವ ಸುಜನ್ ಹೆದರಿದ್ದ. ಹೊಸ್ತು ಹಬ್ಬದ ದಿನ ಅವಳು ಬಂದದ್ದು ಹೊಸ ಭತ್ತದ ಕದಿರು ಹಿಡಿದು. ಬಾಗಿಲಿಗೆ, ಬಾವಿಗೆ, ಟಿಲ್ಲರಿಗೆ ಕಟ್ಟಿ ಮುಗಿಸಿ, ಡ್ರಮ್ಮಿಗೂ ಒಂದು ಕಟ್ಟಿದಳು. "ದುಡಿವ ಸಾಮಾನಿಗೆಲ್ಲ ಕಟ್ಕಲ್ದಾ?" ಎಂದಳು. ಆ ಆಲ್ಬಮ್ಮಿನ ಅಷ್ಟೂ ಹಾಡಿಗೆ ಸುಜನ್ ಬಾರಿಸಿದ್ದು ಕದಿರು ಬಿಚ್ಚದೆ, ಅದಕ್ಕೆ ಕೋಲು ತಾಗದ ಹಾಗೆ.