ಅಳಿಸಿದ ಹೆಸರಿನ ಬಣ್ಣ

ಮೊನ್ನೆ ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಒಂದು ದೂರಿನ ಕರಡು ತೆರೆದೆ. ದೂರು ಕೊಟ್ಟ ವಿದ್ಯಾರ್ಥಿನಿಯ ಹೆಸರು ಕೆಂಪು ಅಕ್ಷರದಲ್ಲಿ, ಮೈಮೇಲೆ ಅಡ್ಡಗೆರೆ ಹೊತ್ತು ನಿಂತಿತ್ತು. ತೆಗೆದಿದ್ದೇವೆ ಎಂದು ಆಕೆಗೆ ಹೇಳಿದ್ದ ಹೆಸರು. ನನ್ನ ಮೊಣಕಾಲು ಬಿಸಿಯಾಯಿತು. ಅಕ್ಷರದ ಬಣ್ಣಕ್ಕೂ ಮೊಣಕಾಲಿಗೂ ಏನು ಸಂಬಂಧ ಎನ್ನುತ್ತೀರಿ. ಇದೆ.

ಇಪ್ಪತ್ತು ವರ್ಷಗಳ ಹಿಂದೆ ನಾನು ಕೊಟ್ಟೂರಿನಲ್ಲಿ ಅರೆಕಾಲಿಕ ಉಪನ್ಯಾಸಕ. ಸಂಜೆಯಾದರೆ ವೀರೇಶನ ಡಿಟಿಪಿ ಅಂಗಡಿಯಲ್ಲಿ ಹಾಜರು. ಒಂದು ಕಂಪ್ಯೂಟರ್ ಸರ್ಟಿಫಿಕೇಟಿನ ಬಲದಿಂದ ತಜ್ಞನೆನಿಸಿಕೊಂಡಿದ್ದೆ. ನನಗೆ ಗೊತ್ತಿದ್ದ ಚಿಕಿತ್ಸೆ ಫ್ಲಾಪಿಯನ್ನು ಊದುವುದು, ಮಷಿನ್ ಆರಿಸಿ ಮತ್ತೆ ಹಚ್ಚುವುದು, ಅಷ್ಟೇ. ಹರಪನಹಳ್ಳಿಯಲ್ಲಿ ಟೈಪಾದ ಲಗ್ನಪತ್ರಿಕೆ ನಮ್ಮಲ್ಲಿ ತೆರೆದರೆ ವಧೂವರರಿಬ್ಬರೂ ಕೊಕ್ಕೆ, ಚುಕ್ಕೆಗಳಾಗಿರುತ್ತಿದ್ದರು. "ಹೆಣ್ಣು ಕಳಿಸಿದ ಮ್ಯಾಲ ಆಕಿ ಟ್ರಂಕೂ ಕಳಿಸಬೇಕಲ್ರೀ ಸರ" ಎನ್ನುತ್ತ ವೀರೇಶ, ತಾನು ಕಳಿಸುವಾಗ ಅಕ್ಷರದ ಫಾಂಟನ್ನೂ ಅದೇ ಫ್ಲಾಪಿಗೆ ತುಂಬುತ್ತಿದ್ದ. ಅವರದು ಸಾಫ್ಟ್‌ವೇರಿನ ಹೊಸ ವರ್ಶನ್, ನಮ್ಮದು ಹಳೆಯದು. ಅದೆಲ್ಲ ಆಗ ನಗುವ ವಿಷಯ.

ಹತ್ತಿರದ ಹಳ್ಳಿಯ ಹನುಮಕ್ಕ ಕಲ್ಲಿನ ಕ್ವಾರಿಯಲ್ಲಿ ಕೂಲಿ. ಎಚ್ಚರಿಕೆಯ ಸೀಟಿ ಊದದೆ ಸಿಡಿಮದ್ದು ಹಾರಿಸಿದ್ದರಿಂದ ಅವಳ ಪಕ್ಕದಲ್ಲೇ ಒಬ್ಬ ಸತ್ತಿದ್ದ. ರಸ್ತೆಯಲ್ಲಿ ಬಿದ್ದು ಸತ್ತ ಎಂದು ಮಾಲೀಕರು ಬರೆಸಿದ್ದರು. ಊರವರ ಪರವಾಗಿ ನಾನು ತಾಲ್ಲೂಕು ಕಚೇರಿಗೆ ಅರ್ಜಿ ಬರೆದು ವೀರೇಶನಲ್ಲಿ ಟೈಪು ಮಾಡಿಸಿದೆ. ಕಣ್ಣಾರೆ ಕಂಡವಳೆಂದು ಅವಳ ಹೆಸರು ಸೇರಿಸಿದೆ. ಮರುದಿನ ಅವಳೇ ಅಂಗಡಿಗೆ ಬಂದಳು.

"ಸುದ್ದಿ ಇರ್ಲಿ, ಹೆಸರು ತಗೀರಿ. ಮನ್ಯಾಗ ಮಗಳು ಅದಾಳ."

ವೀರೇಶ ಅವಳ ಎದುರಿನಲ್ಲೇ ಅಳಿಸಿದ. ಓದು ಬಾರದಿದ್ದರೂ ಸಾಲು ಮಾಯವಾಗುವುದನ್ನು ಬಗ್ಗಿ ನೋಡಿದಳು. ಪ್ರಿಂಟೂ ಶುದ್ಧವಾಗಿತ್ತು.

ಕಚೇರಿಯ ಗುಮಾಸ್ತರಿಗೆ ಮತ್ತೆ ಟೈಪು ಮಾಡುವ ಮನಸ್ಸಿಲ್ಲ, ಫ್ಲಾಪಿಯನ್ನೂ ಕೇಳಿದರು, ಕೊಟ್ಟೆ. ಅವರ ಹೊಸ ಕಂಪ್ಯೂಟರಿನಲ್ಲಿ ಅರ್ಜಿ ತೆರೆಯಿತು. "ಇದೇನ್ರೀ, ಹನುಮಕ್ಕ ಅಂತ ಕೆಂಪಗ ಒಂದು ಹೆಸರು ಐತಿ, ಅದಕ್ಕೊಂದು ಗೆರಿ?" ಎಂದು ಅವರು ಗಟ್ಟಿಯಾಗಿ ಓದಿದರು. ಪಕ್ಕದ ಮೇಜಿನಲ್ಲಿ ಕ್ವಾರಿಯ ಮೇಸ್ತ್ರಿ ತನ್ನ ಕಾಗದಕ್ಕೆ ಸೀಲು ಹಾಕಿಸಿಕೊಳ್ಳುತ್ತಿದ್ದ.

ತಿದ್ದಿದ್ದನ್ನೆಲ್ಲ ಒಳಗೊಳಗೇ ನೆನಪಿಟ್ಟುಕೊಳ್ಳುವ ಸೌಕರ್ಯವೊಂದು ಆ ಫೈಲಿನಲ್ಲಿ ಚಾಲೂ ಇತ್ತಂತೆ. ಹಳೆಯ ವರ್ಶನ್ ಅದನ್ನು ಬಚ್ಚಿಟ್ಟಿತ್ತು, ಹೊಸದು ಹರಡಿ ತೋರಿಸಿತು. ಇದು ನಮಗೆ ತಿಳಿದದ್ದು ಆಮೇಲೆ.

ಸಿಕ್ಕ ಬಸ್ಸು ಹತ್ತಿ ಅವಳ ಊರಿಗೆ ಓಡಿದೆ. ಕೆಲಸ ಮುಗಿಸಿ ಮಗಳೊಂದಿಗೆ ಬರುತ್ತಿದ್ದವಳು ದಾರಿಯಲ್ಲೇ ಸಿಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಜೀಪು ಬಂತು. ಹಾರನ್ ಇಲ್ಲ, ಅವಸರವೂ ಇಲ್ಲ. ನಾವು ಬೇಲಿಗೆ ಸರಿದರೆ ಅದೂ ಸರಿಯಿತು. ಮುಳ್ಳು ಬೆನ್ನಿಗೆ ಚುಚ್ಚುತ್ತಿತ್ತು. ಬಿಸಿ ಬಂಪರ್ ನನ್ನ ಮೊಣಕಾಲಿಗೆ ಒತ್ತಿ ನಿಂತಿತು.

ಮೇಸ್ತ್ರಿ ಇಳಿಯಲಿಲ್ಲ. "ಏನವ್ವಾ ಹನುಮಕ್ಕ, ಹೆಸರಿಗೆ ಕೆಂಪು ಗೆರಿ ಎಳಿಸೀಯಂತಲ್ಲ," ಎಂದ. ಆಮೇಲೆ ಹುಡುಗಿಯ ಕಡೆ ನೋಡಿದ. "ಇನ್ನೊಂದು ನಾವು ಎಳೀಬೇಕೇನು?"

ಜೀಪು ಹೋದ ಮೇಲೆ ಕಚೇರಿಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದೆ. ಹನುಮಕ್ಕ ಬೈಯಲಿಲ್ಲ. "ಹೆಸರು ಹೋಗಿದ್ದು ನಾನೂ ನೋಡೀನಲ್ರೀ ಸರ," ಎಂದಳು, ತನಗೇ ಹೇಳಿಕೊಳ್ಳುವಂತೆ.

ವಿಚಾರಣೆಯ ದಿನ ಕಚೇರಿಯ ಸಾಹೇಬರು ಕೇಳಿದಾಗ ಅವಳು, "ನಾನೇನೂ ನೋಡಿಲ್ರಿ. ನನ್ನ ಕಣ್ಣು ನಂಬಂಗಿಲ್ರಿ," ಎಂದಳು. ಸಾಹೇಬರು ನಕ್ಕು ಬರೆದುಕೊಂಡರು. ಸತ್ತವನು ರಸ್ತೆಯಲ್ಲಿ ಬಿದ್ದೇ ಸತ್ತಂತಾಯಿತು. "ವರ್ಶನ್ ಪ್ರಾಬ್ಲಮ್ ಸರ," ಎಂದ ವೀರೇಶ. ನಿಜವೇ. ಒಂದು ಸಾವಿಗೆ ಅಷ್ಟು ವಿವರಣೆ ಸಾಕೆಂದು ಎಲ್ಲರೂ ಒಪ್ಪಿದರು.

ಮೊನ್ನೆ ನನ್ನ ಸಹೋದ್ಯೋಗಿ ಬಗ್ಗಿ ನೋಡಿ, "ಅದೊಂದು ಬಟನ್ ಒತ್ರಿ ಸರ, ಹೋಗ್ತೈತಿ," ಎಂದರು. ಒತ್ತಿದೆ. ಕೆಂಪು ಹೋಯಿತು. ಹಿಂದೆ ಹನುಮಕ್ಕನೂ ಹೀಗೆಯೇ ಬಗ್ಗಿ ನೋಡಿದ್ದಳು.

ಆ ಫೈಲು ಮುಚ್ಚಿದೆ. ಖಾಲಿ ಪುಟವೊಂದನ್ನು ತೆರೆದು, ದೂರನ್ನು ಮೊದಲ ಅಕ್ಷರದಿಂದ ಹೊಸದಾಗಿ ಟೈಪು ಮಾಡತೊಡಗಿದೆ. ಸಹೋದ್ಯೋಗಿ ನಗುತ್ತಿದ್ದರು. ನಗಲಿ. ಆ ವಿದ್ಯಾರ್ಥಿನಿಯ ಹೆಸರು ಬರುವ ಜಾಗ ಬಂದಾಗ ಬೆರಳೆತ್ತಿ, ಮುಂದಿನ ಸಾಲಿಗೆ ಹೋದೆ.