ಕ್ಯಾಸೆಟ್ಟಿನೊಳಗಿನ ಹೂಂ

ಅಥವಾ ಅಕ್ಕನ ಧ್ವನಿ ಆಗಿನ್ನೂ ಕೆಟ್ಟಿರಲಿಲ್ಲವೇನೋ. ನಾನು ಮೊದಲ ಸಲ ನೋಡಿದಾಗಲೇ ಅವರು ಪಿಸುಗುಟ್ಟುತ್ತಿದ್ದರು ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳಿದರೆ ಮುಂದಿನದ್ದೆಲ್ಲ ಸಲೀಸಾಗಿ ಹೊಂದಿಕೊಳ್ಳುತ್ತದೆ. ಅದಕ್ಕೇ ನನಗೆ ಅನುಮಾನ. ಪಿಸುಮಾತು ಗುಡಿಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತ ಅಷ್ಟೊಂದು ಹೆಂಗಸರಿಗೆ ಹೇಗೆ ಕೇಳಿಸಬೇಕು? ಅವರಿಗೆ ಕೇಳಿಸುತ್ತಿತ್ತು. ಕೊನೆಯ ಸಾಲಿನಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದವಳಿಗೂ ಕೇಳಿಸುತ್ತಿತ್ತು. ಹಾಗಾದರೆ ಧ್ವನಿ ಇತ್ತು. ಅದು ಯಾವಾಗ ಹೋಗತೊಡಗಿತು ಎಂಬುದನ್ನು ನಾನು ಗಮನಿಸಿಲ್ಲ, ಅಷ್ಟೇ.

ಅವರು ಕೃಷಿ ಇಲಾಖೆಯಲ್ಲಿ ಸಹಾಯಕಿ. ಊರೂರಿಗೆ ಹೋಗಿ ರೈತ ಹೆಂಗಸರಿಗೆ ಬೇಸಾಯದ ಪಾಠ ಹೇಳುವುದು ಅವರ ಕೆಲಸ. ನಾನು ಅದೇ ಕೆಲಸಕ್ಕೆ ಹೊಸದಾಗಿ ಸೇರಿ ಹಡಗಲಿಗೆ ಬಂದಿದ್ದೆ. ಮೊದಲ ಒಂದು ಹಂಗಾಮು ಅವರ ಬೆನ್ನ ಹಿಂದೆ ತಿರುಗಿ ಕಲಿಯಬೇಕೆಂದು ಮೇಲಿನವರು ಹೇಳಿದ್ದರು. ಹರಪನಹಳ್ಳಿ ನಮ್ಮ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಕಚೇರಿಯಲ್ಲಿ ಇನ್ನೂ ಆ ತಾಲ್ಲೂಕಿನ ಹೆಸರು ಬಾಯಿತಪ್ಪಿ ಬರುತ್ತಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹಳ್ಳಿಯವರಿಗೆ ಅವರು ಅಕ್ಕಾರು.

ಮೈಲಾರದ ದಾರಿಯಲ್ಲಿದ್ದ ಒಂದು ಹಳ್ಳಿ ನೆನಪಾಗುತ್ತದೆ. ಎರಡು ಮೂರು ಹಳ್ಳಿಗಳು ಸೇರಿ ಒಂದಾಗಿರಲೂಬಹುದು. ಶೇಂಗಾ ಬಿತ್ತುವ ಮೊದಲು ಬೀಜಕ್ಕೆ ಜೀವಾಣು ಗೊಬ್ಬರ ಹಚ್ಚುವ ಪಾಠ. ಅದೊಂದು ಕಪ್ಪು ಪುಡಿ. ಬೆಲ್ಲದ ನೀರು ಕಾಸಿ, ಆರಿಸಿ, ಅದರಲ್ಲಿ ಪುಡಿ ಕಲಸಿ, ಬೀಜಕ್ಕೆ ಸವರಿ ನೆರಳಿನಲ್ಲಿ ಒಣಗಿಸಬೇಕು. ಇಷ್ಟನ್ನೇ ಹೇಳುವುದಾದರೆ ಎರಡು ನಿಮಿಷ ಸಾಕು. ಅಕ್ಕ ಅರ್ಧ ದಿನ ತೆಗೆದುಕೊಳ್ಳುತ್ತಿದ್ದರು, ಏಕೆಂದರೆ ಅವರು ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. ನಿಂತಲ್ಲಿ ಹೆಂಗಸರು ಹೂಂ ಎನ್ನಬೇಕು. ನಮ್ಮ ಕಡೆ ಕಥೆ ಹೇಳುವಾಗ ಹೀಗೆಯೇ. ಹೂಂ ಅನ್ನುವವರಿಲ್ಲದೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ. ಹೂಂ ಎಲ್ಲಾದರೂ ಸಣ್ಣದಾದರೆ, ತಡವಾದರೆ, ಅಕ್ಕ ಆ ಕಡೆಗೆ ತಿರುಗಿ ನೋಡುತ್ತಿದ್ದರು. ಅಲ್ಲಿಂದ ಪ್ರಶ್ನೆ ಬರುತ್ತಿತ್ತು.

"ಬಿಸಿ ಪಾಕಕ್ಕ ಪುಡಿ ಹಾಕಿದ್ರ ಏನಾಕ್ಕೈತ್ರಿ ಅಕ್ಕಾರ? ಆರೋತನ ಯಾರು ಕುಂದ್ರಬೇಕು?"

"ನೀ ಕುದಿಯೋ ಹಾಲಿಗೆ ಹೆಪ್ಪು ಹಾಕ್ತೀಯೇನು?"

"ಯಾರರ ಹಾಕ್ತಾರೇನ್ರಿ. ಹೆಪ್ಪು ಸತ್ತೋಗ್ತೈತಿ."

"ಈಕಿ ಹಾಕ್ತಾಳ್ರಿ," ಎಂದಳು ಪಕ್ಕದವಳು. "ಅದಕ್ಕ ಈಕಿ ಗಂಡ ಮೊಸರಿಗೆ ನಮ್ಮನಿಗೆ ಬರ್ತಾನ."

ನಗು ತಣ್ಣಗಾಗುವವರೆಗೆ ಕಾದು ಅಕ್ಕ ಹೇಳುತ್ತಿದ್ದರು: "ಈ ಕರಿ ಪುಡಿನೂ ಹಂಗವಾ. ಇದರಾಗ ಜೀವ ಐತಿ. ಹೆಪ್ಪು ಇದ್ದಂಗ."

ಇನ್ನು ಆ ಕಟ್ಟೆಯ ಮೇಲಿದ್ದ ಯಾರೂ ಬಿಸಿ ಪಾಕಕ್ಕೆ ಪುಡಿ ಹಾಕುವುದಿಲ್ಲ. ಬೇರೆ ಹಳ್ಳಿಯಲ್ಲೂ ಇದೇ ಪ್ರಶ್ನೆ ಬರುತ್ತಿತ್ತು, ಇದೇ ಉತ್ತರ ಹೋಗುತ್ತಿತ್ತು. ಅಕ್ಕ ಮಾತ್ರ ಅದನ್ನು ತಾವಾಗಿ ಎತ್ತಿದ್ದನ್ನು ನಾನು ಕೇಳಿಲ್ಲ. ಕೇಳಿದ ಮೇಲೆಯೇ ಹೇಳುವುದು ಅವರ ರೀತಿ. ಅದು ರೀತಿಯೋ ಅಭ್ಯಾಸವೋ, ಅವರಿಗೇ ಅದರ ಅರಿವಿತ್ತೋ ಇಲ್ಲವೋ.

ಆ ಹಂಗಾಮಿನಲ್ಲಿಯೇ ಅವರ ಗಂಟಲು ಕೈಕೊಟ್ಟಿತು. ಪಾಠದ ನಡುವೆ ಧ್ವನಿ ಹೋಗಿಬಿಡುತ್ತಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ದಾವಣಗೆರೆಯಲ್ಲಿ ಡಾಕ್ಟರು ನೋಡಿ, ಗಂಟಲಲ್ಲಿ ಗಂಟಾಗಿದೆ, ಮಾತು ಕಡಿಮೆ ಮಾಡಿ, ಇಲ್ಲದಿದ್ದರೆ ಉಳಿದದ್ದೂ ಹೋಗುತ್ತದೆ ಅಂದರಂತೆ. ಜೊತೆಗೆ ಹೋಗಿದ್ದ ನಾನು ಹೊರಗೆ ಕೂತಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಅವರು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ಯಾರಿಗೂ ಹೇಳಬ್ಯಾಡಲೇ ತಂಗಿ. ಮಾತು ಬರಂಗಿಲ್ಲ ಅಂತ ಗೊತ್ತಾದ್ರ ನನ್ನನ್ನ ಬೀಜದ ಗೋಡೌನಿಗೆ ಹಾಕ್ತಾರ. ಇಲ್ಲಾಂದ್ರ ಟಪಾಲಿಗೆ. ಅಲ್ಲಿ ಗ್ವಾಡಿ ನೋಡಿಕೋತ ಕುಂದ್ರಬೇಕು."

ಹಳ್ಳಿ ತಿರುಗುವುದು ಅವರಿಗೆ ಇಷ್ಟವಿತ್ತೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಆ ಹೊತ್ತು ಕೇಳುವ ಅಗತ್ಯ ಕಾಣಲಿಲ್ಲ.

ನಮಗೆ ಆಗಾಗ ಇಲಾಖೆಯ ತರಬೇತಿ ಇರುತ್ತಿತ್ತು. ಕಲಿಸುವವರಿಗೇ ಕಲಿಸುವುದು. ಹಗರಿಬೊಮ್ಮನಹಳ್ಳಿಯ ಒಂದು ಸಭಾಂಗಣದಲ್ಲಿ ಕಬ್ಬಿಣದ ಕುರ್ಚಿಗಳ ಮೇಲೆ ಕೂತು, ಹೊರಗಿನಿಂದ ಬಂದ ತಜ್ಞರ ಮಾತು ಕೇಳಿ, ಮಧ್ಯಾಹ್ನ ಉಪ್ಪಿಟ್ಟು ತಿಂದು ಎದ್ದು ಬರುವುದು. ಆ ಸಲ ಬಂದವರು ಚುರುಕಿನ ಮನುಷ್ಯ. ಹಳೆಯ ಭಾಷಣದ ಕಾಲ ಮುಗಿಯಿತು, ನೀವೇ ಹೊಸ ಬೋಧನಾ ಸಾಧನ ಕಂಡುಹಿಡಿದು ಮುಂದಿನ ತರಬೇತಿಗೆ ತನ್ನಿ, ಒಳ್ಳೆಯದನ್ನು ಎಲ್ಲ ತಾಲ್ಲೂಕಿಗೂ ಒಯ್ಯೋಣ ಎಂದರು. ನಮ್ಮವರು ತಮಾಷೆ ಮಾಡಿದರು. ಕೂಡ್ಲಿಗಿಯ ಒಬ್ಬ ಸಹಾಯಕರು, "ನಾವೇ ಹಳೇ ಸಾಧನ, ನಮ್ಮನ್ನೇ ಬದಲಿ ಮಾಡ್ರಿ ಸರ್" ಎಂದರು. ತಜ್ಞರೂ ನಕ್ಕರು. ಅಕ್ಕ ನಗಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು: "ಟೇಪು."

ಇದ್ದಷ್ಟು ಧ್ವನಿಯನ್ನು ಒಂದು ಸಲ ಹಿಡಿದಿಟ್ಟುಬಿಡುವುದು. ಆಮೇಲೆ ಹಳ್ಳಿಗೆ ಹೋಗಿ ಟೇಪು ಹಾಕಿ, ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು. ಗಂಟಲಿಗೂ ವಿಶ್ರಾಂತಿ, ಗೋಡೌನೂ ತಪ್ಪುತ್ತದೆ. ಬಸ್ಸಿಗೆ ಕಾಯುತ್ತ ಅವರು ನನಗೆ ವಿವರಿಸಿದ್ದು ಹೀಗೆ. ಕನಿಷ್ಠ ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಕೊಟ್ಟೂರಿನಲ್ಲಿ ರೇಡಿಯೋ ರಿಪೇರಿಯ ಒಬ್ಬ ಸಾಹೇಬರ ಅಂಗಡಿಯಿತ್ತು. ಅಂಗಡಿಯ ಹಿಂದೆಯೇ ಮನೆ. ಹಳ್ಳಿಯಲ್ಲಿ ರೆಕಾರ್ಡ್ ಮಾಡಿದರೆ ನಾಯಿ, ಗಿರಣಿ, ಕೂಸು ಎಲ್ಲ ಬರುತ್ತವೆ ಎಂದು ಅವರು ಒಳಕೋಣೆಯ ಕಿಟಕಿಗೆ ಗಾದಿ ಕಟ್ಟಿ, ನೆಲಕ್ಕೆ ಕಂಬಳಿ ಹಾಸಿ ತಯಾರು ಮಾಡಿದ್ದರು. ಅಕ್ಕ ಮೈಕಿನ ಮುಂದೆ ಕೂತರು. ಮೊದಲ ಮಾತು ಹೇಳಿದರು. ನಿಂತರು.

"ಮುಂದಕ್ಕ ಹೇಳ್ರಿ ಅಕ್ಕಾರ, ಟೇಪು ಓಡಾಕತ್ತೈತಿ," ಎಂದರು ಅಂಗಡಿಯವರು.

ಅಕ್ಕ ಮತ್ತೆ ಶುರು ಮಾಡಿ ಮತ್ತೆ ಅಲ್ಲೇ ನಿಂತರು. ಎಷ್ಟು ಸಲ ಹೀಗಾಯಿತೋ. ಕೊನೆಗೆ, "ಯಾರರ ಹೂಂ ಅನ್ನಬೇಕ್ರಿ. ಬಾಯಿ ಮುಂದಕ್ಕ ಹೋಗವಲ್ದು," ಎಂದರು.

ಅಂಗಡಿಯವರು ತಮ್ಮ ತಾಯಿಯನ್ನು ಕರೆದು ಕೂರಿಸಿದರು. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮೈಕಿಗೆ ಸಲಾಮು ಮಾಡುವವರಂತೆ ಬಾಗಿ ಕೂತರು. ಆಮೇಲೆ ಎಲ್ಲ ಸುಸೂತ್ರ. ಅಕ್ಕ ನಿಲ್ಲುವುದು, ಆಕೆ ಹೂಂ ಎನ್ನುವುದು. ಎಂಥ ಹೂಂ! ತುಂಬು ಗಂಟಲಿನದು, ಸ್ವಲ್ಪವೂ ತಡವಿಲ್ಲದ್ದು. ನಾನೂ ಒಂದೆರಡು ಸಲ ದನಿಗೂಡಿಸಿದ್ದೆನೇನೋ. ಆಮೇಲೆ ಕೇಳಿದಾಗ ಗುರುತು ಸಿಕ್ಕಲಿಲ್ಲ.

"ನಮ್ಮಮ್ಮಗ ಒಂದು ಗೇಣು ಹೊಲ ಇಲ್ಲ," ಎಂದು ಅಂಗಡಿಯವರು ಚಹಾ ಕೊಡುತ್ತ ನಕ್ಕರು. "ಆದ್ರೂ ನೋಡ್ರಿ, ಎಲ್ಲಾ ತಿಳಿದೋರಂಗ ಹೂಂ ಅಂದಾಳ."

"ದೊಡ್ಡೋರ ಮನಿ ಹೆಣ್ಮಗಳು ಇಷ್ಟು ದೂರ ಬಂದು ಹೇಳಾಕತ್ಯಾಳ," ಎಂದರು ತಾಯಿ. "ಹೂಂ ಅನ್ನದ ಇದ್ರ ಆಕಿಗೆ ಬ್ಯಾಸರ ಆಗಂಗಿಲ್ಲೇನು ಬೇಟಾ?"

ಆ ಹೂಂಗಳನ್ನು ತೆಗೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೂಂ ಇಲ್ಲದ ಪಾಠ ನಮ್ಮಲ್ಲಿ ಯಾರಿಗೂ ಪಾಠದಂತೆ ಕೇಳಿಸುತ್ತಿರಲಿಲ್ಲ.

ಮುಂದಿನ ತರಬೇತಿಯಲ್ಲಿ ಒಬ್ಬರು ಕಂಬಳಿಗೆ ಅಂಟಿಕೊಳ್ಳುವ ಚಿತ್ರ ತಂದಿದ್ದರು, ಇನ್ನೊಬ್ಬರು ತೊಗಲುಗೊಂಬೆಯಂಥದ್ದೇನನ್ನೋ. ಅಕ್ಕನ ಕ್ಯಾಸೆಟ್ಟನ್ನು ಹಾಕಿದಾಗ ಇಡೀ ಸಭೆ ಸುಮ್ಮನಾಯಿತು. ಇದ್ದ ಧ್ವನಿಯನ್ನೆಲ್ಲ ಅದರೊಳಗೆ ಹಾಕಿದ್ದರು. ಪಕ್ಕದಲ್ಲಿ ಕೂತ ಅವರಿಂದ ಥ್ಯಾಂಕ್ಸ್ ಎನ್ನುವಷ್ಟೂ ದನಿ ಬರಲಿಲ್ಲ. ತಜ್ಞರಿಗೆ ಬಹಳ ಹಿಡಿಸಿತು. ಕೇಳುಗರ ಪ್ರತಿಕ್ರಿಯೆಯೂ ಇದೆ ನೋಡಿ, ಇದೇ ಸಹಭಾಗಿತ್ವ ಎಂದರು. ಪ್ರತಿಗಳಾದವು. ಕೂಡ್ಲಿಗಿಗೆ, ಕೊಟ್ಟೂರಿನ ಕಡೆಗೆ ಹೋದವು. ದಾವಣಗೆರೆಯವರು ಒಯ್ದು ಹರಪನಹಳ್ಳಿಗೆ, ತೆಲಿಗಿಯಂಥ ಊರಿಗೂ ಮುಟ್ಟಿಸಿದರೆಂದು ಕೇಳಿದೆ. ಹೆಂಗಸರ ಮುಂದೆ ಮಾತಾಡಲು ನಾಚುತ್ತಿದ್ದ ಗಂಡು ಸಹಾಯಕರಿಗೆ ಅದು ದೇವರು ಕೊಟ್ಟ ವರವಾಯಿತು. ಕಟ್ಟೆಯ ಮೇಲೆ ಟೇಪು ಇಟ್ಟು, ಗುಂಡಿ ಒತ್ತಿ, ಹೋಟೆಲಿಗೆ ಹೋಗಿ ಬರಬಹುದಿತ್ತು.

ಅದಾಗಿ ಸ್ವಲ್ಪ ಸಮಯದಲ್ಲೇ ಅಕ್ಕನನ್ನು ಕೂಡ್ಲಿಗಿಯ ಕಚೇರಿಗೆ, ಟಪಾಲಿಗೆ ಹಾಕಿದರು. ನಮ್ಮ ಕಚೇರಿಯ ಸಾಹೇಬರು ಕೆಟ್ಟವರಲ್ಲ. ನನ್ನೆದುರೇ ಮೃದುವಾಗಿ ಹೇಳಿದರು: "ನಿಮ್ಮ ಗಂಟಲಿಂದು ನಮಗೂ ಗೊತ್ತೈತ್ರಿ ಅಕ್ಕಾರ. ಕ್ಯಾಸೆಟ್ಟು ಹಳ್ಳಿಗೆ ಹೋಗ್ತೈತಿ. ಬಿಸಿಲಾಗ ನೀವ್ಯಾಕ ಹೋಗ್ಬೇಕು?"

ಅಕ್ಕ ತಲೆಯಾಡಿಸಿದರು.

ಇಲ್ಲಿ ನಾನು ನಿಲ್ಲಬೇಕು. ಕ್ಯಾಸೆಟ್ಟಿನಿಂದಲೇ ಅವರ ಜಾಗ ಹೋಯಿತು ಎಂದು ಬರೆದರೆ ಓದಲು ಚೆನ್ನ. ಆದರೆ ಆ ವರ್ಷ ಹೆಂಗಸರ ತರಬೇತಿಯನ್ನೇ ಇಲಾಖೆ ಕುಗ್ಗಿಸುತ್ತಿತ್ತು. ಗಂಟಲಿನ ಸುದ್ದಿ ಹೇಗೋ ಹೊರಬಿದ್ದಿತ್ತು. ಕೂಡ್ಲಿಗಿಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಯಾವುದು ಯಾವುದರಿಂದ ಆಯಿತೋ. ಸೂತ್ರ ಕಟ್ಟಿದ್ದು ಆಮೇಲೆ, ನಾನು.

ಹಿರೇಹಡಗಲಿ ಎಂಬ ಹಳ್ಳಿಗೆ ಮುಂದಿನ ಬಿತ್ತನೆಯ ಮೊದಲು ನಾನೊಬ್ಬಳೇ ಹೋದೆ. ಮೋಡ ಕವಿದು ಮಳೆ ಬಾರದ ದಿನ. ಟೇಪು ಹಾಕಿದೆ. ಅಕ್ಕನ ಹಳೆಯ ಧ್ವನಿ ಕಟ್ಟೆಯ ತುಂಬ ಹರಡಿತು. ಅವರು ನಿಂತಲ್ಲಿ ಕೊಟ್ಟೂರಿನ ಆ ತಾಯಿ ಹೂಂ ಎಂದರು. ಹೆಂಗಸರು ಬಾಯಿ ತೆರೆಯಲಿಲ್ಲ. ಸುಮ್ಮನೆ, ಬಹಳ ಮರ್ಯಾದೆಯಿಂದ, ಕೊನೆಯವರೆಗೆ ಕೂತರು. ಯಾರಾದರೂ ಏನಾದರೂ ಕೇಳಿರಿ ಎಂದೆ.

"ಹೂಂ ಅನ್ನಾಕ ಅದರಾಗ ಒಬ್ಬಾಕಿ ಅದಾಳಲ್ರಿ," ಎಂದಳು ಒಬ್ಬಳು. "ಆಕಿಗೆ ತಿಳಿದೈತಿ. ನಡುವ ನಾವೇನು ಕೇಳೂದು?"

"ಅಕ್ಕಾರು ಬರಂಗಿಲ್ಲೇನ್ರಿ ಇನ್ನ?" ಎಂದಳು ಇನ್ನೊಬ್ಬಳು.

ಮಧ್ಯಾಹ್ನ ವಾಪಸು ಹೊರಟಾಗ ಒಂದು ಮನೆಯ ಅಂಗಳದಲ್ಲಿ ಬೀಜಕ್ಕೆ ಪುಡಿ ಹಚ್ಚುವ ಕೆಲಸ ನಡೆದಿತ್ತು. ಒಲೆಯಿಂದ ಇಳಿಸಿದ ಪಾಕದಿಂದ ಹಬೆ ಏಳುತ್ತಿತ್ತು. ಅದಕ್ಕೇ ಪುಡಿ ಸುರಿದಿದ್ದರು. ಆರಿಸಬೇಕಲ್ಲವಾ ಎಂದೆ. "ಆರಿಸಿ ಅಂತ ಅಂದಾರ್ರಿ ಟೇಪಿನ್ಯಾಗ. ಬಿತ್ತಾಕ ಹೊತ್ತಾಗೈತಿ, ಒಂಚೂರು ಬಿಸಿ ಇದ್ರ ಏನಾಕ್ಕೈತಿ ಅಂತ ಹಾಕಿದ್ವಿ," ಎಂದಳು ಆಕೆ. ನಾನು ಹೆಪ್ಪಿನ ಮಾತು ಹೇಳಿದೆ. ಆಕೆಯ ಕೈ ಬೋಗುಣಿಯಲ್ಲೇ ನಿಂತಿತು. "ಅಯ್ಯ, ಮೊದಲ ಹೇಳಬಾರದೇನ್ರಿ."

ಆ ಊರಿನಲ್ಲಿ ಇನ್ನೆಷ್ಟು ಅಂಗಳಗಳಲ್ಲಿ ಹೀಗಾಗಿತ್ತೋ. ಬೇರೆ ತಾಲ್ಲೂಕಿನ ಊರುಗಳ ಮಾತು ಬಿಡಿ.

ನಾನು ಕೂಡ್ಲಿಗಿಗೆ ಹೋದೆ. ಅಕ್ಕ ಒಂದು ಬೀರುವಿಗೂ ಗೋಡೆಗೂ ನಡುವೆ ಕೂತಿದ್ದರು. ಬಂದ ಟಪಾಲಿಗೆ ಸೀಲು ಹಾಕುತ್ತಿದ್ದರು. ನಾನು ನಡೆದದ್ದನ್ನು ಹೇಳಿದೆ. 

"ಹೆಪ್ಪಿನ ಮಾತು ಅದರಾಗ ಇಲ್ಲೇನು?" ಪಿಸುಮಾತು, ಈ ಸಲ ನಿಜವಾಗಿಯೂ.

"ಇಲ್ಲಕ್ಕ."

"ಹೇಳೀನಲ್ಲಲೇ."

"ಅಲ್ಲಿ ಯಾರೂ ಕೇಳಲಿಲ್ಲಲ್ಲ. ಅದಕ್ಕ ಹೇಳಿಲ್ಲ ನೀವು."

ಅವರು ಸೀಲನ್ನು ಇಂಕಿನ ಪ್ಯಾಡಿನ ಮೇಲಿಟ್ಟರು. ಆ ಮುಖದಲ್ಲಿದ್ದದ್ದು ದುಃಖ ಎಂದು ಆಗ ಅಂದುಕೊಂಡಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಮುಖವೇ ಸರಿಯಾಗಿ ಬರುವುದಿಲ್ಲ. ಬೀರುವಿನ ಹಸಿರು ಬಣ್ಣ ಮಾತ್ರ ಬರುತ್ತದೆ. ಹೊಸದಾಗಿ ರೆಕಾರ್ಡ್ ಮಾಡೋಣ, ಹಳ್ಳಿಯಲ್ಲೇ, ಹೆಂಗಸರನ್ನು ಕೂರಿಸಿ, ಅವರ ಪ್ರಶ್ನೆಗಳೂ ಬರಲಿ ಎಂದೆ. ಅವರು ಗಂಟಲು ಮುಟ್ಟಿಕೊಂಡು ಕೈ ಆಡಿಸಿದರು. ಹಾಗಾದರೆ ಮಾತೇ ಬೇಡ, ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ, ನೀವು ಹೇಳಿಕೊಟ್ಟದ್ದನ್ನು ನಾನು ಹೇಳುತ್ತೇನೆ, ನಿಮ್ಮನ್ನು ಹಡಗಲಿಗೆ ವಾಪಸು ಕಳಿಸಿ ಎಂದು ಸಾಹೇಬರನ್ನು ಕೇಳುತ್ತೇನೆ ಎಂದೆ.

"ಇಲ್ಲಿ ಫ್ಯಾನ್ ಐತಿ," ಎಂದರು ಅಕ್ಕ. ಮೇಲೆ ನೋಡಿದೆ. ಫ್ಯಾನ್ ಇತ್ತು, ತಿರುಗುತ್ತಿತ್ತು. "ನೀ ಹೋಗಿ ಹೇಳವಾ ಆ ಮಾತು. ಎಲ್ಲಾ ಊರಿಗೂ ಹೇಳು." ಮತ್ತೆ ಸೀಲು ಹಾಕತೊಡಗಿದರು.

ನಾನು ಹೇಳಿದೆ, ಹೋದಷ್ಟು ಊರುಗಳಲ್ಲಿ. ಕ್ಯಾಸೆಟ್ಟು ಹೋದ ಊರುಗಳಿಗೆಲ್ಲ ನಾನು ಹೋಗಲಾಗಲಿಲ್ಲ. ಸಾಹೇಬರನ್ನು ಕೇಳಲೂ ಇಲ್ಲ, ಏಕೆಂದರೆ ಅಕ್ಕ ಹೂಂ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಆಮೇಲೆ ನನಗೆ ವರ್ಗವಾಯಿತು. ಅವರು ಕೂಡ್ಲಿಗಿಯಿಂದಲೇ ನಿವೃತ್ತರಾದರೆಂದು ಯಾರೋ ಹೇಳಿದರು.

ಅವರು ಆ ಕ್ಯಾಸೆಟ್ಟನ್ನು ಹಳ್ಳಿಯಲ್ಲಿ ಉಳಿಯಲೆಂದು ಮಾಡಿದರೋ, ಹಳ್ಳಿಯಿಂದ ಬಿಡಿಸಿಕೊಳ್ಳಲೆಂದು ಮಾಡಿದರೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದು ನಿಜವೆಂದು ನಂಬುತ್ತೇನೆ. ಫ್ಯಾನಿನ ಕೆಳಗೆ ಹೇಳಿದ್ದು ಸುಳ್ಳು ಎನ್ನಲು ನನ್ನಲ್ಲಿ ಆಧಾರವಿಲ್ಲ. ಆ ವರ್ಷ ಎಷ್ಟು ಹೊಲಗಳಿಗೆ ಸತ್ತ ಪುಡಿ ಹೋಯಿತು ಎಂಬುದೂ ಗೊತ್ತಿಲ್ಲ.