ಹನ್ನೊಂದೇ ದಿನ ತಪ್ಪಿದ ವ್ಯಾನು

ಬೆಳಗಿನ ನಾಲ್ಕೂಕಾಲು. ಹ್ಯಾರೋ ಕ್ರೀಕ್ ಊರಿನ ಕಮ್ಯುನಿಟಿ ಕಾಲೇಜಿನ ಹಿಂಬದಿಯಲ್ಲಿ ಡೆಲ್ಮರ್ ಉಗಾಲ್ಡೆ ವ್ಯಾನಿನ ಗಾಜಿಗೆ ಕಚ್ಚಿಕೊಂಡ ಮಂಜುಗಡ್ಡೆಯನ್ನು ಕೆರೆಯುತ್ತಿದ್ದಾರೆ. ಕೈಗವಸಿನ ಎರಡು ಬೆರಳು ಹರಿದಿವೆ. ಒಳಗೆ ಬೆಚ್ಚಗಾಗಲಿ ಎಂದು ಎಂಜಿನ್ನು ಆಗಲೇ ಚಾಲೂ ಆಗಿದೆ. ಡ್ರೈವರ್ ಸೀಟಿನ ಪಕ್ಕ ಒಂದು ಫ್ಲಾಸ್ಕು ಕಪ್ಪು ಕಾಫಿ, ಒಂದು ಚೀಲ ಬೇಯಿಸಿದ ಮೊಟ್ಟೆ. ಮೊಟ್ಟೆ ಅವರಿಗಲ್ಲ, ಹೊಟ್ಟೆಗೇನೂ ಇಲ್ಲದೆ ಓಡಿ ಬರುವವರಿಗೆ.

ಮೊದಲು ಹತ್ತುವುದು ಟ್ವೈಲಾ ಬ್ರಾಂಟ್, ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ ಮುಗಿಸಿದ ಏಪ್ರನ್ನಿನಲ್ಲೇ.

"ಇವತ್ತಾದ್ರೂ ಬೆಂದಿದೆಯಾ ಡೆಲ್, ಇಲ್ಲಾ ನಿನ್ನೆ ಥರಾನಾ?"

"ಬೇಡದಿದ್ರೆ ಇಡಮ್ಮ. ಕೋಳಿಗೇ ವಾಪಸ್ ಕೊಡ್ತೀನಿ."

ಟ್ವೈಲಾ ಎರಡು ಮೊಟ್ಟೆ ಎತ್ತಿಕೊಂಡು ಹಿಂದೆ ಹೋಗಿ ಕೂರುತ್ತಾಳೆ. ನಾಲ್ಕು ಮೂವತ್ತಕ್ಕೆ ಗಾಡಿ ಹೊರಡುತ್ತದೆ. ನಾಲ್ಕು ಮೂವತ್ತೊಂದಕ್ಕಲ್ಲ.

ಯೂನಿವರ್ಸಿಟಿ ಇರುವುದು ಘಾಟಿಯ ಆಚೆ, ತೊಂಬತ್ತಾರು ಮೈಲಿ ದೂರದಲ್ಲಿ. ಹೋಗಿ ಬಂದರೆ ನೂರ ತೊಂಬತ್ತೆರಡು. ಏಳು ಗಂಟೆಗೆ ಮುಟ್ಟಿಸಬೇಕು, ಸಂಜೆ ಆರೂವರೆಗೆ ವಾಪಸ್ ತಂದು ಬಿಡಬೇಕು. ವ್ಯಾನಿನಲ್ಲಿ ಹದಿನಾಲ್ಕು ಸೀಟು. ಸೆಪ್ಟೆಂಬರಿನಲ್ಲಿ ಹದಿನಾಲ್ಕೂ ತುಂಬುತ್ತವೆ. ಹಿಮ ಬಿದ್ದಾಗ ಒಂಬತ್ತಾಗುತ್ತದೆ. ಮಾರ್ಚಿಗೆ ಐದೋ ಆರೋ. ಇದು ಡೆಲ್ಮರ್ ಅವರ ಹದಿನೇಳನೇ ವರ್ಷ. ಅಷ್ಟು ವರ್ಷಗಳಲ್ಲಿ ವ್ಯಾನು ಹೊರಡದೇ ಇದ್ದದ್ದು ಹನ್ನೊಂದು ದಿನ. ಆರು ದಿನ ಹಿಮಕ್ಕೆ ಘಾಟಿ ಮುಚ್ಚಿತ್ತು, ಮೂರು ದಿನ ಕಾಡ್ಗಿಚ್ಚು, ಒಂದು ದಿನ ಜಿಂಕೆ ಅಡ್ಡ ಬಂದು ರೇಡಿಯೇಟರ್ ಒಡೆಯಿತು, ಒಂದು ದಿನ ಹೆಂಡತಿ ಐಲೀನ್‌ಳನ್ನು ಮಣ್ಣು ಮಾಡಿದರು. ಮಾರನೆಯ ದಿನ ನಾಲ್ಕೂಕಾಲಕ್ಕೆ ಮತ್ತೆ ಗಾಜು ಕೆರೆಯುತ್ತಿದ್ದರು.

ಊರಿನ ಕಾಲೇಜು ಎರಡು ವರ್ಷ ಓದಿಸುತ್ತದೆ, ಡಿಪ್ಲೊಮಾ ಕೊಡುತ್ತದೆ, ಅಲ್ಲಿಗೆ ಮುಗಿಯುತ್ತದೆ. ಪೂರಾ ಡಿಗ್ರಿ ಬೇಕೆಂದರೆ ಘಾಟಿ ಹತ್ತು. ಪಾಠ ಮಾಡುವವರು ಇಲ್ಲವೇ? ಇದ್ದಾರೆ. ಕೋಣೆ ಇಲ್ಲವೇ? ಮಧ್ಯಾಹ್ನದ ಮೇಲೆ ಅರ್ಧಕ್ಕರ್ಧ ಖಾಲಿ ಬಿದ್ದಿರುತ್ತವೆ. ಇಲ್ಲದಿರುವುದು ಒಂದು ಅಪ್ಪಣೆ. ಆ ಅಪ್ಪಣೆ ಕೊಡಬೇಕಾದವರು ಒಬ್ಬರೂ ಬೆಳಗಿನ ನಾಲ್ಕೂವರೆಯ ಮುಖ ನೋಡಿದವರಲ್ಲ.

ಡೆಲ್ಮರ್ ಅವರಿಗೆ ಅರವತ್ತಾರು. ಅಜ್ಜ ಸ್ಪೇನಿನ ಬಾಸ್ಕ್ ಸೀಮೆಯಿಂದ ಕುರಿ ಕಾಯಲು ಬಂದವನು. ಅಪ್ಪನೂ ಕುರಿ ಹಿಂದೆಯೇ ಹೋದ. ಇವರು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮರದ ದಿಮ್ಮಿಯ ಲಾರಿ ಹತ್ತಿದರು. ಸಾಮಿಲ್ಲು ಮುಚ್ಚಿದಾಗ ಊರಿಗೆ ಊರೇ ಕಾಲೇಜಿನ ಬಾಗಿಲು ತಟ್ಟಿತು. ಇವರೂ ಹೋದರು, ಓದಲಿಕ್ಕಲ್ಲ, ಸ್ಟೇರಿಂಗ್ ಹಿಡಿಯಲಿಕ್ಕೆ. "ದಿಮ್ಮಿ ಬಿಗಿಯಾಗಿ ಕಟ್ಟಿದ್ರೆ ಬೀಳಲ್ಲ," ಅನ್ನುತ್ತಾರೆ. "ಜನಾನ ಹೆಂಗೆ ಕಟ್ತೀರಿ? ಒಬ್ಬೊಬ್ಬರಾಗಿ ಉದುರ್ತಾರೆ."

ದಾರಿಯಲ್ಲಿ ಒಬ್ಬೊಬ್ಬರನ್ನೂ ಮನೆ ಮುಂದೆ ಹತ್ತಿಸಿಕೊಳ್ಳುವ ಗಾಡಿ ಉದುರಿದವರ ಮನೆ ಮುಂದೆಯೂ ನಿಲ್ಲುತ್ತದೆ. ವರ್ಷ ಮುಗಿಯುವವರೆಗೆ ಆ ಸೀಟು ಅವರದೇ ಎಂದು ಕಾಲೇಜಿನ ಕಾಗದದಲ್ಲಿದೆ. ಹಾಗಾಗಿ ಬರುವುದಿಲ್ಲವೆಂದು ಗೊತ್ತಿದ್ದರೂ ಡೆಲ್ಮರ್ ನಿಲ್ಲಿಸಿ, ಬಾಗಿಲು ತೆರೆದು, ಮೂರು ನಿಮಿಷ ಕಾಯುತ್ತಾರೆ. ಚಳಿ ಒಳಗೆ ನುಗ್ಗುತ್ತದೆ. ಹಿಂದೆ ಕೂತವರು ಕೋಟು ಬಿಗಿದುಕೊಳ್ಳುತ್ತಾರೆ, ಗೊಣಗುವುದಿಲ್ಲ. ನಾಳೆ ತಮ್ಮ ಮನೆ ಮುಂದೆಯೂ ಹೀಗೇ ನಿಲ್ಲಬಹುದೆಂದು ಅವರಿಗೆ ಗೊತ್ತು.

ಮಾರ್ಲಿಸ್ ಟಾಲಿವರ್ ಅವರ ವಿಷಯದಲ್ಲಿ ಮಾತ್ರ ವರ್ಷ ಮುಗಿದರೂ ನಿಲ್ಲುವುದು ನಿಲ್ಲಲಿಲ್ಲ. ನಲವತ್ತನಾಲ್ಕು ವರ್ಷದ ಮಾರ್ಲಿಸ್ ಊರಿನ ಶಾಲೆಯ ಚಿಕ್ಕ ಮಕ್ಕಳ ತರಗತಿಯಲ್ಲಿ ಸಹಾಯಕಿ. ಹದಿನೆಂಟು ವರ್ಷದಿಂದ ಮೂಗು ಒರೆಸಿ, ಬೂಟಿನ ದಾರ ಕಟ್ಟಿ, ಅಕ್ಷರ ತಿದ್ದಿಸುತ್ತಿದ್ದಾರೆ. ಡಿಗ್ರಿ ಇಲ್ಲ, ಆದ್ದರಿಂದ ಟೀಚರ್ ಅಲ್ಲ. ಪ್ರತಿ ವರ್ಷ ಹೊರಗಿನಿಂದ ಒಬ್ಬ ಹೊಸ ಟೀಚರ್ ಬರುತ್ತಾಳೆ, ಅಳುವ ಮಗುವನ್ನು ಎತ್ತಿಕೊಳ್ಳುವುದು ಹೇಗೆ ಎಂಬುದನ್ನು ಮಾರ್ಲಿಸ್ ಅವರಿಂದಲೇ ಕಲಿಯುತ್ತಾಳೆ, ಚಳಿಗಾಲ ಒಂದು ಕಳೆದರೆ ಪೆಟ್ಟಿಗೆ ಕಟ್ಟುತ್ತಾಳೆ. ಮಾರ್ಲಿಸ್ ವಾರಕ್ಕೆ ಕೆಲವು ದಿನ ಶಾಲೆಗೆ ರಜೆ ಹಾಕಿ ಒಂದೂವರೆ ವರ್ಷ ವ್ಯಾನು ಹತ್ತಿದರು. ಆಮೇಲೆ ತಾಯಿಗೆ ಲಕ್ವಾ ಹೊಡೆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಬಾಯಿಗೆ ತುತ್ತಿಡುವವರು ಬೇರೆ ಯಾರೂ ಇಲ್ಲ. ಡಿಗ್ರಿಗೆ ಇನ್ನೂ ಹತ್ತು ವಿಷಯ ಬಾಕಿ ಇದ್ದವು.

ಖಾಲಿ ಬಾಗಿಲು ತೆರೆದುಕೊಳ್ಳುವ ಸದ್ದನ್ನು ಅವರು ಇಡೀ ಒಂದು ಚಳಿಗಾಲ ಅಡುಗೆಮನೆಯಿಂದ ಕೇಳಿಸಿಕೊಂಡರು. ಒಂದು ಬೆಳಗ್ಗೆ ಚಪ್ಪಲಿಯಲ್ಲೇ ಹಿಮ ತುಳಿದು ಬಂದು, ಡೆಲ್, ದಯವಿಟ್ಟು ನಿಲ್ಲಿಸಬೇಡ, ಆ ಸದ್ದು ಕೇಳಿದರೆ ದಿನವೆಲ್ಲ ಕೈಕಾಲು ಆಡುವುದಿಲ್ಲ ಅಂದರು. ಡೆಲ್ಮರ್ ತಲೆಯಾಡಿಸಿದರು. ಮಾರನೆಯ ದಿನದಿಂದ ತಿರುವಿನ ಆಚೆ, ಅಂಚೆ ಡಬ್ಬಗಳ ಸಾಲಿನ ಹತ್ತಿರ, ಮನೆಯ ಕಿಟಕಿಗೆ ಕಾಣದಂತೆ ನಿಲ್ಲಿಸತೊಡಗಿದರು. ಬಾಗಿಲು ತೆರೆಯದೆ, ಅದೇ ಮೂರು ನಿಮಿಷ.

ಹೋದ ವರ್ಷ ಆಸೆ ಹುಟ್ಟಿತ್ತು. ಕಮ್ಯುನಿಟಿ ಕಾಲೇಜುಗಳೂ ಡಿಗ್ರಿ ಕೊಡಬಹುದೆಂದು ರಾಜ್ಯ ಕಾನೂನು ಮಾಡಿತು. ಒಂದೇ ಷರತ್ತು: ವಿದ್ಯಾರ್ಥಿಗಳ ಕೈಗೆಟಕುವ ಯೂನಿವರ್ಸಿಟಿಯಲ್ಲಿ ಅದೇ ಡಿಗ್ರಿ ಇರಬಾರದು. ಹ್ಯಾರೋ ಕ್ರೀಕಿನ ಕಾಲೇಜು ಶಿಕ್ಷಕರ ಡಿಗ್ರಿಗೆ ಅರ್ಜಿ ಹಾಕಿತು. ಪಾಠವೆಲ್ಲ ಸಂಜೆ. ಸೇರಲು ಹೆಸರು ಕೊಟ್ಟವರ ಪಟ್ಟಿಯಲ್ಲಿ ಮೊದಲನೆಯ ಹೆಸರು ಮಾರ್ಲಿಸ್ ಅವರದು. ಆ ಡಿಗ್ರಿ ಬಂದರೆ ವ್ಯಾನಿಗೆ ಕೆಲಸವಿಲ್ಲ, ಡ್ರೈವರಿಗೂ ಇಲ್ಲ. ಆದರೂ ಊರ ತುಂಬ ಸಹಿ ಹಾಕಿಸಿಕೊಂಡು ಬಂದವರು ಡೆಲ್ಮರ್.

ಆ ದಿನಗಳಲ್ಲೇ ಯೂನಿವರ್ಸಿಟಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಬಹಳ ಮರ್ಯಾದೆಯ ಮಾತು. "ಹದಿನೇಳು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಒಬ್ಬರೂ ಕೇಳಿರಲಿಲ್ಲ," ಅನ್ನುತ್ತಾರೆ ಡೆಲ್ಮರ್. "ಆಯಮ್ಮ ಮಿಸ್ಟರ್ ಉಗಾಲ್ಡೆ ಅಂದ್ರು. ಎಷ್ಟು ದಿನ ವ್ಯಾನ್ ತಪ್ಪಿದೆ ಅಂದ್ರು. ನಾನು ಎದೆಯುಬ್ಬಿಸಿ ಹೇಳ್ದೆ. ಹನ್ನೊಂದು ದಿನ ಮೇಡಂ, ಬೇಕಿದ್ರೆ ಒಂದೊಂದಕ್ಕೂ ಕಾರಣ ಹೇಳ್ತೀನಿ ಅಂತ. ಹೇಳ್ದೆ ಕೂಡ. ಐಲೀನಳ ದಿನಾನೂ ಹೇಳ್ದೆ."

ಅರ್ಜಿಯ ವಿಚಾರಣೆ ಕ್ಲಾಸಿಗೆ ರಜೆಯಿದ್ದ ಒಂದು ದಿನ, ರಾಜಧಾನಿಯಲ್ಲಿ, ಅಪ್ಪಣೆ ಕೊಡುವ ಮಂಡಳಿಯ ಮುಂದೆ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಹಾಕಿದ್ದ ಕೋಟನ್ನೇ ಹಾಕಿಕೊಂಡು ಡೆಲ್ಮರ್ ಮೂರನೇ ಸಾಲಿನಲ್ಲಿ ಕೂತಿದ್ದರು. ಯೂನಿವರ್ಸಿಟಿಯವರು ಎದ್ದು ಕಾಗದ ಓದಿದರು. ಅದೇ ಡಿಗ್ರಿ ನಮ್ಮಲ್ಲಿದೆ, ಕೈಗೆಟಕುವಂತೆಯೇ ಇದೆ, ಅದಕ್ಕೆ ಪುರಾವೆ ಹ್ಯಾರೋ ಕ್ರೀಕಿನಿಂದ ದಿನವೂ ಬರುವ ವ್ಯಾನು. ಹದಿನೇಳು ವರ್ಷದಲ್ಲಿ ತಪ್ಪಿದ್ದು ಬರೀ ಹನ್ನೊಂದು ದಿನ. ಇಂಥ ಸೇವೆ ಮಾಡಿದ ಮಿಸ್ಟರ್ ಉಗಾಲ್ಡೆಯವರು ಇಲ್ಲೇ ಇದ್ದಾರೆ, ಅವರಿಗೆ ನಮ್ಮ ಅಭಿನಂದನೆ ಅಂದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಎಂಥ ನಾಚಿಕೆಗೆಟ್ಟ ಚಪ್ಪಾಳೆ. ಒಬ್ಬ ಮನುಷ್ಯನ ಹದಿನೇಳು ವರ್ಷದ ನಿಯತ್ತನ್ನು ಕಿತ್ತು ಅವನ ಊರಿನವರ ತಲೆಗೇ ಬಡಿದು, ಮೇಲೆ ಅಭಿನಂದನೆ. ಏಳು ಜನರ ಮಂಡಳಿಯಲ್ಲಿ ನಾಲ್ಕು ಕೈ ಬೇಡ ಅಂದವು. ಇನ್ನು ಮೂರು ವರ್ಷ ಅರ್ಜಿ ಹಾಕುವಂತಿಲ್ಲ.

"ವ್ಯಾನ್ ಎಷ್ಟು ದಿನ ಬರ್ಲಿಲ್ಲ ಅಂತ ಕೇಳಿದ್ರು," ಅನ್ನುತ್ತಾರೆ ಡೆಲ್ಮರ್. "ವ್ಯಾನಿಗೆ ಎಷ್ಟು ಜನ ಬರೋಕಾಗ್ಲಿಲ್ಲ ಅಂತ ಕೇಳಿದ್ರೆ ಅದನ್ನೂ ಹೇಳ್ತಿದ್ದೆ. ಮನೆ ಮನೆ ನೆನಪಿದೆ."

ಅಂದು ಸಂಜೆ ಮಾರ್ಲಿಸ್ ಫೋನ್ ಮಾಡಿದಾಗ ಡೆಲ್ಮರ್ ಆಗಲಿಲ್ಲ ಎಂದಷ್ಟೇ ಹೇಳಿ, ಯಾಕೆಂದು ಹೇಳದೆ ಇಟ್ಟರು.

ವಾರ ಕಳೆದ ಮೇಲೆ ಒಂದು ಬೆಳಗ್ಗೆ ತಿರುವು ದಾಟಿದರೆ ಅಂಚೆ ಡಬ್ಬಗಳ ಹತ್ತಿರ ಯಾರೋ ನಿಂತಿದ್ದಾರೆ. ಮಾರ್ಲಿಸ್. ರಾತ್ರಿಯುಡುಪಿನ ಮೇಲೆ ಕೋಟು. ಗಾಡಿ ಅಲ್ಲಿ ನಿಲ್ಲುವುದು ಅವರಿಗೆ ಯಾವತ್ತಿನಿಂದಲೋ ಗೊತ್ತಿತ್ತು. ಬಾಗಿಲು ತೆರೆಯಿತು. ಹತ್ತಿ, ಎಡಗಡೆ ಎರಡನೇ ಸಾಲಿನ ತಮ್ಮ ಹಳೆಯ ಸೀಟಿನಲ್ಲಿ ಕೂತರು. ಡೆಲ್ಮರ್ ಕನ್ನಡಿ ನೋಡುತ್ತಲೇ ಫೋನಿನ ವಿಷಯ, ಕಾಗದದ ವಿಷಯ, ಎಲ್ಲ ಹೇಳಿಬಿಟ್ಟರು. ನನ್ನ ಬಾಯಿಂದಲೇ ಹೋಯಿತಮ್ಮ ಅಂದರು.

ಮಾರ್ಲಿಸ್ ಕೋಟಿನ ಗುಂಡಿ ಹಾಕಿಕೊಂಡರು.

"ಹನ್ನೊಂದಾ?" ಅಂದರು. "ನಾನು ಒಂಬತ್ತೇ ಅಂದ್ಕೊಂಡಿದ್ದೆ."

ಆಮೇಲೆ ಗಡಿಯಾರ ನೋಡಿ ಎದ್ದರು. "ಮೂರು ನಿಮಿಷ ಆಯ್ತು, ಹೊರಡು ಡೆಲ್. ಇವರಿಗೆ ಕ್ಲಾಸಿದೆ. ಅಮ್ಮನೂ ಎದ್ದಿರ್ತಾಳೆ." ಇಳಿದು, ಬಾಗಿಲನ್ನು ಸದ್ದಾಗದಂತೆ ತಾವೇ ಮುಚ್ಚಿದರು.

ಘಾಟಿ ಹತ್ತುವಾಗ ಟ್ವೈಲಾ ಹಿಂದಿನಿಂದ ಒಂದು ಉಪಾಯ ಹೇಳಿದಳು. ಇನ್ನು ಮೇಲೆ ತಿಂಗಳಿಗೆರಡು ಸಲ ಗಾಡಿ ಕೆಡಿಸಿ ನಿಲ್ಲಿಸು, ಮೂರು ವರ್ಷಕ್ಕೆ ಎಷ್ಟಾಗುತ್ತೆ ಲೆಕ್ಕ ಹಾಕು, ಆಮೇಲೆ ಕೈಗೆಟಕುತ್ತೆ ಅಂತ ಹೇಳಲಿ ನೋಡೋಣ. ಎಲ್ಲರೂ ನಕ್ಕರು. ಡೆಲ್ಮರ್ ನಗಲಿಲ್ಲ.

"ಕೆಡಿಸಿದ ದಿನ ನಿನಗೆ ಪರೀಕ್ಷೆ ಇದ್ರೆ?"

ಟ್ವೈಲಾ ಮೊಟ್ಟೆಯ ಸಿಪ್ಪೆಯನ್ನು ಮಡಿಲಲ್ಲಿ ಒಟ್ಟುಮಾಡುತ್ತ ಕಿಟಕಿಯಾಚೆ ನೋಡುತ್ತ ಕೂತಳು.

ಇದು ಮಾರ್ಚ್. ವ್ಯಾನಿನಲ್ಲಿ ಐದು ಜನ. ಒಂಬತ್ತು ಕಡೆ ಬಾಗಿಲು ತೆರೆದು ಮುಚ್ಚಿ, ಅಂಚೆ ಡಬ್ಬಗಳ ಹತ್ತಿರ ತೆರೆಯದೆ ನಿಂತು, ಡೆಲ್ಮರ್ ಘಾಟಿ ದಾಟುತ್ತಿದ್ದಾರೆ. ಮೊಣಕಾಲು ನೋಯುತ್ತದೆ, ಎಡಗಣ್ಣಿಗೆ ಪೊರೆ ಬರತೊಡಗಿದೆ. ಬಿಟ್ಟುಬಿಡಬಾರದೇ ಎಂದರೆ, ಬಿಡುವುದೇ ಇದೆ, ಆದರೆ ಇನ್ನೊಂದು ದಿನ ತಪ್ಪಿದ ಮೇಲೆ ಬಿಡುತ್ತೇನೆ ಎನ್ನುತ್ತಾರೆ.

"ಹನ್ನೆರಡನೇ ದಿನ ಒಂದು ಬರ್ಬೇಕು. ನಾಲ್ಕೂಕಾಲಕ್ಕೆ ಬಂದು, ಗಾಜು ಕೆರೆದು, ಎಂಜಿನ್ ಚಾಲೂ ಮಾಡಿ ಕೂತಿರ್ತೀನಿ. ಒಬ್ಬರೂ ಬರಬಾರದು. ಎಲ್ಲ ಅವರವರ ಮನೇಲಿ ಮಲಗಿರ್ಬೇಕು, ಸಂಜೆ ಇಲ್ಲೇ ಕ್ಲಾಸು ಅಂತ. ಮೂರು ನಿಮಿಷ ಕಾಯ್ತೀನಿ. ಆಮೇಲೆ ಎಂಜಿನ್ ಆಫ್ ಮಾಡಿ, ಮೊಟ್ಟೆ ನಾನೇ ತಿಂದು, ಮನೆಗೆ ಹೋಗ್ತೀನಿ."